ಆಫ್ರಿಕಾಕ್ಕೆ ಹೋಗುವಾಗ ಸ್ವೆಟರ್ ಬೇಕು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ ಖಂಡಗಳ ಪರಿಚಯ ಬಂದಿತ್ತಲ್ಲ, ಅದರ ಬಗ್ಗೆ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಕತ್ತರಿಸುವುದಾದರೆ ನನ್ನ ಮನೆ ಕಥೆ ಕತ್ತರಿಸಿ, ಅಂಕಿಗಳನ್ನು ಮುಟ್ಟಬೇಡಿ.

ಪಕ್ಕದ ಮನೆಯ ಹುಡುಗ ಆರನೇ ಕ್ಲಾಸು. ಶಾಲೆಯ ಪ್ರಾಜೆಕ್ಟಿಗೆ ಅಂತ ನಿಮ್ಮ ನಕ್ಷೆಯನ್ನು ಕತ್ತರಿಸಿಕೊಂಡು, ಗೋಂದು ಹಚ್ಚುವ ಮೊದಲು ನನ್ನ ಹತ್ತಿರ ಓಡಿ ಬಂದ. ‘ಟೀಚರಜ್ಜಿ, ಗ್ರೀನ್‌ಲ್ಯಾಂಡೂ ಆಫ್ರಿಕಾನೂ ಒಂದೇ ಸೈಜಾ?’ ಅಂದ. ನಕ್ಷೆ ನೋಡಿದರೆ ಯಾರಾದರೂ ಹಾಗೆಯೇ ಕೇಳಬೇಕು. ಮೇಲೆ ಬೆಳ್ಳಗೆ ಊದಿಕೊಂಡ ಗ್ರೀನ್‌ಲ್ಯಾಂಡ್. ಕೆಳಗೆ ಹೆಚ್ಚುಕಡಿಮೆ ಅಷ್ಟೇ ದೊಡ್ಡ ಆಫ್ರಿಕಾ, ಅದರ ಮೇಲೆ ಒಂದು ಒಂಟೆ, ಒಂದು ಸಿಂಹ. ಪಕ್ಕದಲ್ಲಿ ‘ಬಿಸಿಲು ಮತ್ತು ಮರುಭೂಮಿಯ ಖಂಡ’ ಎಂಬ ಒಂದು ಸಾಲು. ಮೂರು ಕೋಟಿ ಚದರ ಕಿಲೋಮೀಟರ್ ನೆಲದ ಪರಿಚಯ ಅಷ್ಟಕ್ಕೇ ಮುಗಿದಿತ್ತು.

ಮೊದಲು ಸೈಜಿನ ಮಾತು ಮುಗಿಸಿಬಿಡುತ್ತೇನೆ. ಗ್ರೀನ್‌ಲ್ಯಾಂಡ್ ಸುಮಾರು 21.7 ಲಕ್ಷ ಚದರ ಕಿ.ಮೀ., ಆಫ್ರಿಕಾ ಸುಮಾರು 3.03 ಕೋಟಿ ಚದರ ಕಿ.ಮೀ. ಒಂದು ಆಫ್ರಿಕಾದೊಳಗೆ ಹದಿನಾಲ್ಕು ಗ್ರೀನ್‌ಲ್ಯಾಂಡ್ ಹಿಡಿಸುತ್ತವೆ. ನಮ್ಮ ಭಾರತವೇ ಒಂಬತ್ತು ಸಲ ಹಿಡಿಸುತ್ತದೆ. ನೀವು ಹಾಕಿದ್ದು ಮರ್ಕೇಟರ್ ನಕ್ಷೆ, 1569ರಲ್ಲಿ ಹಡಗಿನವರಿಗೆ ಅಂತ ಮಾಡಿದ್ದು. ಅದರ ಮೇಲೆ ಎರಡು ಬಂದರುಗಳ ನಡುವೆ ನೇರ ಗೆರೆ ಎಳೆದರೆ ಸಾಕು, ದಿಕ್ಸೂಚಿಯ ಒಂದೇ ಕೋನ ಹಿಡಿದು ಹೋಗಿ ಮುಟ್ಟಬಹುದು. ಆ ಕೆಲಸಕ್ಕೆ ಅದು ಒಳ್ಳೆಯ ನಕ್ಷೆಯೇ. ಆದರೆ ಧ್ರುವದ ಕಡೆ ಹೋದ ಹಾಗೆಲ್ಲ ಅದರಲ್ಲಿ ನೆಲ ಹಿಗ್ಗುತ್ತದೆ. 60 ಡಿಗ್ರಿ ಅಕ್ಷಾಂಶಕ್ಕೆ ಹೋಗುವಷ್ಟರಲ್ಲಿ ವಿಸ್ತೀರ್ಣ ನಾಲ್ಕು ಪಟ್ಟು ಕಾಣಿಸುತ್ತದೆ. ಸಮಭಾಜಕ ವೃತ್ತದ ಎರಡೂ ಬದಿಗೆ ಮೈಚಾಚಿದ ಆಫ್ರಿಕಾಕ್ಕೆ ಈ ಹಿಗ್ಗು ಅಷ್ಟಾಗಿ ಸಿಗುವುದಿಲ್ಲ, ಹಾಗಾಗಿ ಉಳಿದವರ ಮುಂದೆ ಬಡಕಲಾಗಿ ಕಾಣುತ್ತದೆ. 2025ರ ಆಗಸ್ಟ್‌ನಲ್ಲಿ ಆಫ್ರಿಕನ್ ಒಕ್ಕೂಟವೇ ಈ ನಕ್ಷೆಯನ್ನು ಬಿಟ್ಟುಬಿಡಿ ಎನ್ನುವ ಅಭಿಯಾನಕ್ಕೆ ಬೆಂಬಲ ಕೊಟ್ಟಿತು. ನೆಲದ ಅಳತೆಯನ್ನು ಸರಿಯಾಗಿ ತೋರಿಸುವ ‘ಈಕ್ವಲ್ ಅರ್ತ್’ ನಕ್ಷೆ 2018ರಿಂದ ಇದೆ, ಪುಕ್ಕಟೆ ಸಿಗುತ್ತದೆ. ಪತ್ರಿಕೆಗೆ ಒಂದು ಪೈಸೆ ಖರ್ಚಿಲ್ಲ.

ಸೈಜಿಗಿಂತ ನನಗೆ ಜಾಸ್ತಿ ಚುಚ್ಚಿದ್ದು ಆ ‘ಬಿಸಿಲು ಮತ್ತು ಮರುಭೂಮಿ’ಯ ಸಾಲು. ನಿಮ್ಮನ್ನು ಬೈಯುವ ಮೊದಲು ನನ್ನ ತಪ್ಪು ಹೇಳಿಕೊಳ್ಳಬೇಕು. ನಾನು 29 ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ‘ಆಫ್ರಿಕಾವನ್ನು ಕಗ್ಗತ್ತಲೆಯ ಖಂಡ ಎಂದು ಏಕೆ ಕರೆಯುತ್ತಾರೆ?’ ಎಂಬ ಎರಡು ಅಂಕದ ಪ್ರಶ್ನೆ ವರ್ಷ ಬಿಟ್ಟು ವರ್ಷ ಕೊಟ್ಟವಳು. ದಟ್ಟ ಕಾಡು, ಮರುಭೂಮಿ, ಕ್ರೂರ ಪ್ರಾಣಿ ಅಂತ ಬರೆದರೆ ಎರಡೂ ಅಂಕ. ಆ ನೆಲ ಸಮುದ್ರಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಅಂತ ಒಂದು ಸಲವೂ ಕೇಳಲಿಲ್ಲ. ನನಗೇ ತಲೆಗೆ ಹೋಗಿರಲಿಲ್ಲ, ಮಕ್ಕಳನ್ನು ಏನು ಕೇಳಲಿ?

ನಿವೃತ್ತಿಯಾದ ಮೇಲೆ ಮಗನ ಮನೆಗೆ ಅಂತ ನೈರೋಬಿಗೆ ಹೊರಟೆ. ಜೂನ್ ತಿಂಗಳು. ನಮ್ಮೂರು ಸಾಗರದಲ್ಲಿ ಆಗ ತಾನೇ ಮಳೆ ಹಿಡಿದಿತ್ತು. ಬಿಸಿಲಿಗೆ ಅಂತ ಹತ್ತಿಯ ಸೀರೆ, ಕೊಡೆ, ಟೋಪಿ ಎಲ್ಲಾ ತುಂಬಿಕೊಂಡೆ. ಸೊಸೆ ಫೋನ್ ಮಾಡಿ ‘ಅತ್ತೆ, ಎರಡು ಸ್ವೆಟರ್ ಹಾಕ್ಕೊಳ್ಳಿ ಬ್ಯಾಗಿಗೆ’ ಅಂದಳು. ತಮಾಷೆ ಮಾಡುತ್ತಾಳೆ ಅಂದುಕೊಂಡೆ. ಸಮಭಾಜಕ ವೃತ್ತದಿಂದ ಒಂದೂಕಾಲು ಡಿಗ್ರಿ ದಕ್ಷಿಣಕ್ಕಿರುವ ಊರು, ಅಲ್ಲಿ ಯಾವ ಚಳಿ? ಹೋದ ಮೇಲೆ ಜುಲೈ ರಾತ್ರಿಗಳಲ್ಲಿ 11–12 ಡಿಗ್ರಿ. ಕಡೆಗೆ ಸೊಸೆಯ ಸ್ವೆಟರನ್ನೇ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿಕೊಂಡು, 29 ವರ್ಷ ಭೂಗೋಳ ಪಾಠ ಮಾಡಿದವಳು ಕಿಟಕಿ ಪಕ್ಕ ಕೂತಿದ್ದೆ. ಮಗ ಪಾಪ ಏನೂ ಅನ್ನಲಿಲ್ಲ. ಮೊಮ್ಮಗಳು ಮಾತ್ರ ಬಿಡಲಿಲ್ಲ.

ಇದರ ಗುಟ್ಟು ಎತ್ತರ. ನೈರೋಬಿ ಇರುವುದು ಸುಮಾರು 1,750 ಮೀಟರ್ ಮೇಲೆ. ನಮ್ಮ ಬೆಂಗಳೂರು ಸುಮಾರು 920 ಮೀಟರ್, ಅದಕ್ಕೇ ನಾವು ತಂಪು ಊರು ಅಂತ ಹೆಮ್ಮೆ ಪಡುತ್ತೇವೆ. ಕರ್ನಾಟಕದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, 1,930 ಮೀಟರ್. ಇಥಿಯೋಪಿಯದ ರಾಜಧಾನಿ ಆಡಿಸ್ ಅಬಾಬಾ ಅದಕ್ಕಿಂತಲೂ 400 ಮೀಟರ್ ಮೇಲಿದೆ. ನಮ್ಮ ಕಡೆಯವರಿಗೆ ಅರ್ಥವಾಗುವ ಇನ್ನೊಂದು ಲೆಕ್ಕ ಹೇಳುತ್ತೇನೆ. ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗೆ ಲೆಸೊಥೊ ಅಂತ ಪುಟ್ಟ ದೇಶವಿದೆ. ಆ ದೇಶದ ಅತಿ ತಗ್ಗಿನ ಜಾಗವೇ ಸುಮಾರು 1,400 ಮೀಟರ್. ನಾವು ಏದುಸಿರು ಬಿಡುತ್ತಾ ಹತ್ತುವ ಕೊಡಚಾದ್ರಿಯ ತುದಿ 1,343. ಅಂದರೆ ಅವರ ಗುಂಡಿ ನಮ್ಮ ಬೆಟ್ಟಕ್ಕಿಂತ ಮೇಲಿದೆ. ಅಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ.

ಇಡೀ ಖಂಡದ ಸರಾಸರಿ ಎತ್ತರ ಸುಮಾರು 600 ಮೀಟರ್. ಆದರೆ ಸರಾಸರಿಯಿಂದ ವಿಷಯ ಪೂರ್ತಿ ತಿಳಿಯುವುದಿಲ್ಲ. ಅಂಗೋಲದಿಂದ ಇಥಿಯೋಪಿಯಕ್ಕೆ ಒಂದು ಓರೆ ಗೆರೆ ಎಳೆದರೆ, ಗೆರೆಯ ದಕ್ಷಿಣ ಮತ್ತು ಪೂರ್ವದ ಭಾಗ ಬಹುಪಾಲು ಸಾವಿರ ಮೀಟರಿಗೂ ಮೇಲೆ, ಉತ್ತರ ಮತ್ತು ಪಶ್ಚಿಮದ ಭಾಗ ಅದಕ್ಕಿಂತ ಕೆಳಗೆ. ದಕ್ಷಿಣದ್ದನ್ನು ಕವುಚಿ ಹಾಕಿದ ತಟ್ಟೆ ಅಂತ ಅಂದುಕೊಳ್ಳಿ. ನಡುವೆ ವಿಶಾಲವಾದ ಪ್ರಸ್ಥಭೂಮಿ, ಅಂಚಿನಲ್ಲಿ ಘಟ್ಟ, ಘಟ್ಟದ ಕೆಳಗೆ ಸಪೂರ ಕರಾವಳಿ. ನಮಗೇನೂ ಹೊಸದಲ್ಲ, ಸಾಗರದಿಂದ ಹೊನ್ನಾವರಕ್ಕೆ ಬಸ್ಸಿನಲ್ಲಿ ಇಳಿದವರಿಗೆಲ್ಲ ಈ ಆಕಾರ ಹೊಟ್ಟೆ ತೊಳಸುವಷ್ಟು ಪರಿಚಿತ. ಒಂದು ಕಾಲಕ್ಕೆ ನಮ್ಮದೂ ಅವರದೂ ಗೊಂಡ್ವಾನ ಎಂಬ ಒಂದೇ ನೆಲ. ಒಡೆದುಕೊಂಡು ಬಂದ ಅಂಚೇ ಎರಡೂ ಕಡೆ ಘಟ್ಟವಾಗಿ ನಿಂತಿದೆ.

ಈ ಕವುಚಿದ ತಟ್ಟೆಯ ಆಕಾರ ಗೊತ್ತಾದರೆ ಅಲ್ಲಿನ ನದಿಗಳು ಅರ್ಥವಾಗುತ್ತವೆ. ನದಿಗಳು ಒಳಗೆ ಸಾವಿರಾರು ಕಿಲೋಮೀಟರ್ ಸಮಾಧಾನವಾಗಿ ಹರಿದು, ಸಮುದ್ರ ಇನ್ನೇನು ಬಂತು ಅನ್ನುವಾಗ ಧುಮುಕುತ್ತವೆ. ಕಾಂಗೊ ನದಿಯನ್ನೇ ತೆಗೆದುಕೊಳ್ಳಿ. ನೀರಿನ ಪ್ರಮಾಣದಲ್ಲಿ ಅಮೆಜಾನ್ ಬಿಟ್ಟರೆ ಅದೇ. ಸೆಕೆಂಡಿಗೆ ಸರಾಸರಿ 40 ಸಾವಿರ ಘನ ಮೀಟರ್ ನೀರು. ಅದು ಸಮಭಾಜಕವನ್ನು ಎರಡು ಸಲ ದಾಟುತ್ತದೆ. ಒಂದು ಬದಿಯಲ್ಲಿ ಮಳೆಗಾಲ ಮುಗಿದರೆ ಇನ್ನೊಂದು ಬದಿಯಲ್ಲಿ ಶುರುವಾಗಿರುತ್ತದೆ, ಹಾಗಾಗಿ ವರ್ಷವಿಡೀ ಅದಕ್ಕೆ ಬೇಸಿಗೆ ಎನ್ನುವುದೇ ಇಲ್ಲ. ಒಳನಾಡಿನ ಕಿಸಂಗಾನಿಯಿಂದ ರಾಜಧಾನಿ ಕಿನ್ಶಾಸಾವರೆಗೆ ಸುಮಾರು 1,700 ಕಿ.ಮೀ. ದೋಣಿಯಲ್ಲಿ ಬರಬಹುದು. ಕಿನ್ಶಾಸಾ ದಾಟಿದ ಮೇಲೆ ಸುಮಾರು 350 ಕಿ.ಮೀ.ಯಲ್ಲಿ ನದಿ 270 ಮೀಟರಿನಷ್ಟು ಇಳಿಯುತ್ತದೆ, ಉದ್ದಕ್ಕೂ ಬಂಡೆ, ಸುಳಿ, ಜಲಪಾತ. ಸಮುದ್ರದ ಹಡಗು ಅದರ ಕೆಳಗಿನ ಮತಾದಿ ಬಂದರಿನಲ್ಲೇ ನಿಲ್ಲಬೇಕು. ಅಮೆಜಾನ್‌ನಲ್ಲಿ ಸಮುದ್ರದ ಹಡಗು 1,500 ಕಿ.ಮೀ. ಒಳಗೆ ಮನೌಸ್‌ವರೆಗೆ ಹೋಗುತ್ತದೆ, ಇಲ್ಲಿ ಬಾಗಿಲಲ್ಲೇ ತಡೆ. ಆ ತಡೆ ದಾಟಲು ಅಂತಲೇ ರೈಲು ಹಾಕಿದರು, 1898ರಲ್ಲಿ ಓಡಿತು.

ಹಳೆಯ ಯುರೋಪಿಯನ್ನರು ಶತಮಾನಗಳ ಕಾಲ ಕರಾವಳಿಯಲ್ಲೇ ಸುತ್ತುತ್ತಿದ್ದುದಕ್ಕೆ ಮಲೇರಿಯಾ, ಅಲ್ಲಿನ ರಾಜರುಗಳ ಬಲ ಎಲ್ಲಾ ಕಾರಣ, ಈ ನೆಲದ ಆಕಾರವೂ ಒಂದು ಕಾರಣ. ತಮಗೆ ಒಳಗೆ ಹೋಗಲಾಗದ ಜಾಗಕ್ಕೆ ‘ಕಗ್ಗತ್ತಲೆ’ ಅಂತ ಹೆಸರಿಟ್ಟರು. ಒಳಗೆ ಇದ್ದವರಿಗೆ ಎಂದಿನ ಹಾಗೆ ಬೆಳಕಾಗುತ್ತಿತ್ತು. ಹೊರಗಿನವರ ಈ ಕತ್ತಲೆಗೆ ನಾನು ಎರಡು ಅಂಕ ಕೊಡುತ್ತಿದ್ದೆ ನೋಡಿ.

ಜಾಂಬೆಜಿ ನದಿಯದ್ದೂ ಇದೇ ಸ್ವಭಾವ. ಅದರ ಜಲಪಾತಕ್ಕೆ ವಿಕ್ಟೋರಿಯಾ ಅಂತ ನಾವು ಓದಿದ್ದು. ಅಲ್ಲಿಯವರು ‘ಮೋಸಿ ಓವಾ ತುನ್ಯಾ’ ಅನ್ನುತ್ತಾರೆ, ಗುಡುಗುವ ಹೊಗೆ ಅಂತ ಅರ್ಥ. ಎಷ್ಟು ಸರಿಯಾದ ಹೆಸರು! ಎತ್ತರ 108 ಮೀಟರ್, ನಮ್ಮ ಜೋಗದ 253ರ ಅರ್ಧವೂ ಇಲ್ಲ. ಅಗಲ ಮಾತ್ರ 1.7 ಕಿಲೋಮೀಟರ್. ನಾವು ಕುಟುಂಬ ಸಮೇತ ಹೋಗಿದ್ದೆವು, ಫೋಟೊ ಒಂದೂ ಸರಿ ಬರಲಿಲ್ಲ, ಲೆನ್ಸ್ ತುಂಬಾ ನೀರು. ಆ ಕಪ್ಪು ಕಲ್ಲೆಲ್ಲ ಸುಮಾರು 18 ಕೋಟಿ ವರ್ಷ ಹಿಂದೆ ಹರಿದ ಲಾವಾ. ಕಲ್ಲಿನಲ್ಲಿ ಸಾಲುಸಾಲಾಗಿ ಬಿರುಕುಗಳಿವೆ. ನದಿ ಒಂದು ಬಿರುಕನ್ನು ಕೊರೆದು ಬೀಳುತ್ತದೆ, ಕೊರೆಯುತ್ತಾ ಕೊರೆಯುತ್ತಾ ಹಿಂದಿನ ಬಿರುಕಿಗೆ ಸರಿಯುತ್ತದೆ. ಕೆಳಗಿರುವ ಹಾವಿನಂಥ ಅಂಕುಡೊಂಕು ಕಂದಕಗಳೆಲ್ಲ ಹಿಂದೆ ಒಂದೊಂದು ಕಾಲಕ್ಕೆ ಜಲಪಾತ ಇದ್ದ ಜಾಗಗಳು. ಜೋಗದ ಊರಿನವಳಾದ ನನಗೆ ಒಂದು ಸಮಾಧಾನ, ಅಲ್ಲಿ ನೀರು ನೋಡುವುದಕ್ಕೆ ಅಣೆಕಟ್ಟೆಯ ಗೇಟು ಯಾವಾಗ ತೆಗೆಯುತ್ತಾರೆ ಅಂತ ಕಾಯಬೇಕಿಲ್ಲ. ಅವರ ದೊಡ್ಡ ಅಣೆಕಟ್ಟಾದ ಕರಿಬಾ ಇರುವುದು ಜಲಪಾತದ ಕೆಳಗೆ, ನಮ್ಮ ಲಿಂಗನಮಕ್ಕಿ ಮೇಲಿದೆ. ಅದೃಷ್ಟ ಅಂದರೆ ಇದು.

ಇನ್ನು ಸೀಳು ಕಣಿವೆ. ಇದನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಎರಡು ಗೆರೆ ಎಳೆದು ನಡುವೆ ಬಾಣ ಹಾಕಿದರೆ ಮುಗಿಯಿತು. ನೈರೋಬಿಯಿಂದ ನೈವಾಶಾಕ್ಕೆ ಹೋಗುವ ದಾರಿಯಲ್ಲಿ ಚಹಾ ತೋಟ, ಮಂಜು, ತಿರುವು ಎಲ್ಲಾ ನಮ್ಮ ಮಲೆನಾಡಿನ ಹಾಗೇ ಇದ್ದು, ಇದ್ದಕ್ಕಿದ್ದಂತೆ ಎಡಗಡೆ ನೆಲವೇ ಇಲ್ಲ. ನೂರಾರು ಮೀಟರ್ ಕೆಳಗೆ ಇನ್ನೊಂದು ಲೋಕ, ಒಣಗಿದ ಹುಲ್ಲು, ದನದ ಮಂದೆಯ ಧೂಳು, ಬಾಯಿ ತೆರೆದ ಲಾಂಗೊನಾಟ್ ಜ್ವಾಲಾಮುಖಿ. ಆಚೆ ಬದಿಯ ಗೋಡೆ ಮಬ್ಬಾಗಿ ದೂರದಲ್ಲಿ. ಮಗ ಕಾರು ನಿಲ್ಲಿಸಿದ. ಐದು ನಿಮಿಷ ಮಾತು ಬರಲಿಲ್ಲ, ಆಮೇಲೆ ಮೊಮ್ಮಗಳಿಗೆ ಪಾಠ ಶುರು ಮಾಡಿದೆ, ಅವಳು ಜೋಳ ಸುಡುವವನ ಹತ್ತಿರ ಓಡಿಹೋದಳು.

ಕೆಂಪು ಸಮುದ್ರದ ಕಡೆಯ ಅಫಾರ್ ತಗ್ಗಿನಿಂದ ಮೊಜಾಂಬಿಕ್‌ವರೆಗೆ ಖಂಡದ ಪೂರ್ವಭಾಗ ಹೀಗೆ ಸೀಳುತ್ತಿದೆ. ಭೂಮಿಯ ಒಳಗಿನಿಂದ ಬಿಸಿ ಮೇಲಕ್ಕೆದ್ದು ನೆಲವನ್ನು ಉಬ್ಬಿಸಿದೆ, ಉಬ್ಬಿದ್ದು ಎಳೆದುಕೊಂಡು ಬಿರಿದಿದೆ, ನಡುವಿನ ಪಟ್ಟಿ ಕುಸಿದಿದೆ. ದೋಸೆ ಹಿಟ್ಟು ಹುಳಿ ಬಂದು ಉಬ್ಬಿ ಮೇಲೆ ಬಿರುಕು ಬಿಡುತ್ತದಲ್ಲ, ಹಾಗೆ. ಈ ಬಿರುಕು ಎರಡು ಕೊಂಬೆಯಾಗಿ ನಡುವೆ ವಿಕ್ಟೋರಿಯಾ ಸರೋವರವನ್ನು ಬಿಟ್ಟು ಎರಡೂ ಕಡೆ ಹೋಗುತ್ತದೆ. ಪಶ್ಚಿಮದ ಕೊಂಬೆಯಲ್ಲಿ ಟಾಂಗನಿಕಾ ಸರೋವರ, ಆಳ ಸುಮಾರು 1,470 ಮೀಟರ್. ಅದರ ನೀರಿನ ಮೇಲ್ಮೈ ಸಮುದ್ರಮಟ್ಟದಿಂದ 770 ಮೀಟರ್ ಮೇಲೆ, ತಳ ಸಮುದ್ರಮಟ್ಟಕ್ಕಿಂತ 700 ಮೀಟರ್ ಕೆಳಗೆ! ವಿಕ್ಟೋರಿಯಾ ಅದಕ್ಕಿಂತ ಎರಡು ಪಟ್ಟು ದೊಡ್ಡದು, ಸುಮಾರು 68,800 ಚದರ ಕಿ.ಮೀ., ಆದರೆ ಆಳ ನೂರು ಮೀಟರೂ ಇಲ್ಲ. ಒಂದು ಬಾವಿ, ಇನ್ನೊಂದು ತಟ್ಟೆ. ಪರೀಕ್ಷೆಯಲ್ಲಿ ಎರಡನ್ನೂ ಸೇರಿಸಿ ‘ಸರೋವರಗಳನ್ನು ಹೆಸರಿಸಿ’ ಅಂತ ಕೇಳಿ ಬಿಟ್ಟುಬಿಡುತ್ತೇವೆ.

ಇದೇ ಕಣಿವೆಯ ಬಗ್ಗೆ ನಿಮ್ಮ ಪತ್ರಿಕೆಯೂ ಸೇರಿ ಎಲ್ಲರೂ 2018ರಲ್ಲಿ ‘ಎರಡು ಹೋಳಾಗುತ್ತಿದೆ ಆಫ್ರಿಕಾ!’ ಅಂತ ಬರೆದಿದ್ದಿರಿ, ನನಗೆ ನೆನಪಿದೆ. ಕೀನ್ಯಾದ ಮಾಯ್ ಮಹಿಯು ಹತ್ತಿರ ರಸ್ತೆ ಸೀಳಿ ದೊಡ್ಡ ಕಂದಕ ಬಿದ್ದ ಫೋಟೊ. ಆ ಮಾರ್ಚ್‌ನಲ್ಲಿ ಅಲ್ಲಿ ಜೋರು ಮಳೆ. ಆ ಜಾಗದ ಮಣ್ಣು ಜ್ವಾಲಾಮುಖಿಯ ಬೂದಿ, ನೀರು ಹೊಕ್ಕರೆ ಒಳಗಿಂದೊಳಗೇ ಕೊಚ್ಚಿಕೊಂಡು ಹೋಗುತ್ತದೆ. ಕಂದಕ ಬಿದ್ದದ್ದು ಮುಖ್ಯವಾಗಿ ಅದರಿಂದ. ಖಂಡ ಸೀಳುತ್ತಿರುವುದು ನಿಜ, ಆದರೆ ವರ್ಷಕ್ಕೆ ಕೆಲವೇ ಮಿಲಿಮೀಟರ್. ನಮ್ಮ ಕೈಯ ಉಗುರು ಅದಕ್ಕಿಂತ ಬೇಗ ಬೆಳೆಯುತ್ತದೆ. ನಿಜವಾಗಿಯೂ ಬೆಚ್ಚಿಬೀಳಬೇಕಾದ ಘಟನೆ 2005ರಲ್ಲಿ ಇಥಿಯೋಪಿಯದ ಅಫಾರ್‌ನಲ್ಲಿ ಆಗಿತ್ತು. ಕೆಲವೇ ವಾರಗಳಲ್ಲಿ ಸುಮಾರು 60 ಕಿ.ಮೀ. ಉದ್ದಕ್ಕೆ ನೆಲ ಸೀಳಿ, ಕೆಲವು ಕಡೆ 8 ಮೀಟರ್ ಅಗಲವಾಯಿತು, ಕೆಳಗಿನಿಂದ ಕರಗಿದ ಕಲ್ಲು ನುಗ್ಗಿತ್ತು. ನಮ್ಮ ಕಡೆ ಅದು ಅಷ್ಟು ಸುದ್ದಿಯಾಗಲಿಲ್ಲ.

ಕಣಿವೆಯ ಕೆಳಗಿನ ಆ ಬಿಸಿಯಿಂದ ಕೀನ್ಯಾದವರು ಕರೆಂಟ್ ತೆಗೆಯುತ್ತಾರೆ. ನೈವಾಶಾ ಹತ್ತಿರದ ಓಲ್ಕರಿಯಾದಲ್ಲಿ ನೆಲದೊಳಗಿನ ಹಬೆ ಹಿಡಿದು ಟರ್ಬೈನ್ ತಿರುಗಿಸುತ್ತಾರೆ. ದೇಶದ ವಿದ್ಯುತ್ತಿನಲ್ಲಿ ಸುಮಾರು ಶೇ 40ರಷ್ಟು ಇಂಥ ಹಬೆಯದ್ದೇ. ಅದೇ ಕಣಿವೆಯ ಬೊಗೋರಿಯಾ ಸರೋವರಕ್ಕೆ ಹೊರಹೋಗುವ ದಾರಿಯಿಲ್ಲ, ನೀರು ಬತ್ತಿ ಬತ್ತಿ ಸೋಡಾ ಉಳಿದಿದೆ. ಅದರಲ್ಲಿ ಬೆಳೆಯುವ ಪಾಚಿ ತಿನ್ನಲು ಫ್ಲೆಮಿಂಗೊ ಹಕ್ಕಿ. ಇವೆಲ್ಲ ಒಂದೇ ಬಿರುಕಿನ ಸಂಸಾರ.

ಒಂದು ಸಣ್ಣ ವಿಷಯ, ಬಿಡಲು ಮನಸ್ಸಿಲ್ಲ. ಸಮಭಾಜಕದ ಮೇಲಿರುವ ನಾನ್ಯುಕಿಯಲ್ಲಿ ಒಬ್ಬ ಬಕೆಟ್ಟು, ತೂತಿನ ಬೋಗುಣಿ ಇಟ್ಟುಕೊಂಡು, ಗೆರೆಯ ಈಚೆ ನೀರು ಹೀಗೆ ಸುತ್ತುತ್ತದೆ, ಆಚೆ ಹಾಗೆ ಸುತ್ತುತ್ತದೆ ಅಂತ ತೋರಿಸಿ ದುಡ್ಡು ಕೇಳುತ್ತಾನೆ. ಭೂಮಿಯ ತಿರುಗುವಿಕೆ ಬೋಗುಣಿಯ ನೀರನ್ನು ತಿರುಗಿಸುವಷ್ಟು ಅಲ್ಲಿ ಇಲ್ಲವೇ ಇಲ್ಲ, ಅವನ ಕೈಚಳಕ ಅಷ್ಟೇ. ನಾನು ಅವನಿಗೆ ಅದನ್ನೇ ಹೇಳಿದೆ. ‘ಗೊತ್ತು ಮಾಮಾ’ ಅಂತ ನಕ್ಕ. ದುಡ್ಡು ಕೊಟ್ಟು ಬಂದೆ. ಅಲ್ಲಿ ಅಮ್ಮನ ವಯಸ್ಸಿನವರನ್ನು ಮಾಮಾ ಅನ್ನುತ್ತಾರೆ.

ಅಲ್ಲೇ ಪಕ್ಕದಲ್ಲಿ ಕೀನ್ಯಾ ಪರ್ವತ, 5,199 ಮೀಟರ್, ತುದಿಯಲ್ಲಿ ಹಿಮನದಿಯ ಚೂರು. ಟಾಂಜಾನಿಯಾದ ಕಿಲಿಮಂಜಾರೊ 5,895 ಮೀಟರ್. 1848ರಲ್ಲಿ ಯೋಹಾನೆಸ್ ರೆಬ್‌ಮನ್ ಎಂಬ ಪಾದ್ರಿ ಅದರ ಮೇಲೆ ಹಿಮ ಕಂಡೆ ಅಂತ ಬರೆದಾಗ ಯುರೋಪಿನಲ್ಲಿ ಕೂತ ದೊಡ್ಡ ದೊಡ್ಡ ಭೂಗೋಳದವರು ನಂಬಲಿಲ್ಲ. ಸಮಭಾಜಕದ ಹತ್ತಿರ ಹಿಮವಂತೆ, ಕಣ್ಣಿಗೆ ಮಂಜು ಕವಿದಿರಬೇಕು ಅಂದರು. ನನ್ನ ಸ್ವೆಟರ್ ಕಥೆಗೆ ಒಬ್ಬ ಜೊತೆಗಾರ ಸಿಕ್ಕ ಹಾಗಾಯಿತು.

ಈಗ ನೈಲ್. ಕಳೆದ ವರ್ಷ ನೀವು ಇಥಿಯೋಪಿಯದ ದೊಡ್ಡ ಅಣೆಕಟ್ಟಿನ ಸುದ್ದಿ ಹಾಕುವಾಗ ‘ಮರುಭೂಮಿ ದೇಶ ಇಥಿಯೋಪಿಯ’ ಅಂತ ಬರೆದಿರಿ. 2011ರಲ್ಲಿ ಶುರುವಾಗಿ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಆ ಅಣೆಕಟ್ಟು ಇರುವುದು ನೈಲ್‌ನ ಉಪನದಿ ನೀಲಿ ನೈಲ್ ಮೇಲೆ. ಮರುಭೂಮಿಯಾಗಿದ್ದರೆ ಅಷ್ಟು ನೀರು ಎಲ್ಲಿಂದ ಬರುತ್ತಿತ್ತು, ಯೋಚನೆ ಮಾಡಬೇಕಲ್ಲವೇ? ಇಥಿಯೋಪಿಯದ ಪೂರ್ವದ ತಗ್ಗು ಒಣ ನೆಲ, ನಿಜ. ನಡುವಿನ ಎತ್ತರದ ನಾಡು ಬೇರೆಯೇ. ಅದು ಸುಮಾರು 3 ಕೋಟಿ ವರ್ಷ ಹಿಂದೆ ಲಾವಾ ಹರಿದು ಹರಿದು ಪದರ ಕಟ್ಟಿದ ನೆಲ, ನಮ್ಮ ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನ ಕೆಳಗಿರುವ ಕಪ್ಪು ಕಲ್ಲಿನ ಹಾಗೆಯೇ, ನಮ್ಮದು ಅದಕ್ಕಿಂತ ಎರಡು ಪಟ್ಟು ಹಳತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಧೋ ಅಂತ ಮಳೆ. ಈಜಿಪ್ಟಿಗೆ ಮುಟ್ಟುವ ನೈಲ್ ನೀರಿನಲ್ಲಿ ಸುಮಾರು ಶೇ 85ರಷ್ಟು ಈ ಎತ್ತರದ ನಾಡಿನದ್ದು. ನಾವು ಮಾತ್ರ ‘ನೈಲ್ ವಿಕ್ಟೋರಿಯಾ ಸರೋವರದಲ್ಲಿ ಹುಟ್ಟುತ್ತದೆ’ ಅಂತ ಬಾಯಿಪಾಠ ಮಾಡಿಸುತ್ತೇವೆ. ಅಲ್ಲಿಂದ ಹೊರಟ ಬಿಳಿ ನೈಲ್ ದಕ್ಷಿಣ ಸುಡಾನ್‌ನ ಸುಡ್ ಎಂಬ ಜವುಗಿನಲ್ಲಿ ಹರಡಿ, ಅರ್ಧದಷ್ಟು ನೀರನ್ನು ಬಿಸಿಲಿಗೆ ಕೊಟ್ಟು, ಸುಸ್ತಾಗಿ, ನೀಲಿ ನೈಲ್ ಬಂದು ಕೂಡುವ ಖಾರ್ಟೂಮ್ ಮುಟ್ಟುತ್ತದೆ. ಮಳೆಯೇ ಕಾಣದ ಈಜಿಪ್ಟಿನಲ್ಲಿ ಕಡುಬೇಸಿಗೆಯಲ್ಲಿ ನೆರೆ ಹೇಗೆ ಬರುತ್ತದೆ ಅಂತ ಹಳೆಯ ಗ್ರೀಕರು ತಲೆ ಕೆಡಿಸಿಕೊಂಡಿದ್ದರು. ಶರಾವತಿ ತುಂಬುವ ಹೊತ್ತಿಗೇ ನೀಲಿ ನೈಲ್ ತುಂಬುತ್ತಿತ್ತು, ಉತ್ತರ ಅಷ್ಟೇ.

ಸಹಾರಾ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಎಲ್ಲರೂ ಅದನ್ನೇ ಬರೆಯುತ್ತಾರೆ. ಸುಮಾರು 92 ಲಕ್ಷ ಚದರ ಕಿ.ಮೀ., ಅಂದರೆ ಖಂಡದ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಅದರಲ್ಲೂ ಮರಳು ದಿಬ್ಬ ಇರುವುದು ಕಾಲು ಭಾಗ, ಮಿಕ್ಕಿದ್ದು ಕಲ್ಲು, ಜಲ್ಲಿ. ನಡುವೆ ತಿಬೆಸ್ತಿ ಅಂತ ಬೆಟ್ಟ ಸಾಲು ಇದೆ, 3,400 ಮೀಟರ್ ದಾಟುತ್ತದೆ. ಸುಮಾರು 11 ಸಾವಿರದಿಂದ 5 ಸಾವಿರ ವರ್ಷ ಹಿಂದಿನವರೆಗೆ ಅದೆಲ್ಲ ಹುಲ್ಲುಗಾವಲು, ಕೆರೆ. ಅಲ್ಜೀರಿಯದ ತಸ್ಸಿಲಿ ಬಂಡೆಗಳ ಮೇಲೆ ದನಗಳ ಹಿಂಡಿನ ಚಿತ್ರಗಳು ಈಗಲೂ ಇವೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ಓಲಾಡುವುದರಿಂದ ಆಗ ಉತ್ತರದ ಬೇಸಿಗೆ ಬಿಸಿಲು ಜಾಸ್ತಿ ಇತ್ತು, ಮಳೆಗಾಳಿ ಮೇಲಿನವರೆಗೆ ಹೋಗುತ್ತಿತ್ತು. ನಿಮ್ಮ ಚಿತ್ರದ ಒಂಟೆ ಅಲ್ಲಿಗೆ ಬಂದದ್ದು ಬಹಳ ತಡವಾಗಿ.

ಮರುಭೂಮಿ ಬೇಕೇ ಬೇಕು ಅಂದರೆ ಒಕವಾಂಗೊ ಹಾಕಿ. ಅಂಗೋಲದ ಎತ್ತರದಲ್ಲಿ ಹುಟ್ಟಿದ ಈ ನದಿ ಸಮುದ್ರದ ಕಡೆ ಹೋಗದೆ ಒಳಗೆ ಬಂದು, ಬೋಟ್ಸ್ವಾನಾದ ಕಲಹರಿ ಮರಳಿನಲ್ಲಿ ಬೆರಳು ಚಾಚಿ ಇಂಗಿಹೋಗುತ್ತದೆ. ಮೇಲೆ ಸುರಿದ ಮಳೆನೀರು ನಿಧಾನವಾಗಿ ಇಳಿದು ಬರಲು ತಿಂಗಳುಗಟ್ಟಲೆ ಬೇಕು. ಹಾಗಾಗಿ ಕೆಳಗೆ ಒಂದು ಹನಿ ಮಳೆಯಿಲ್ಲದ ಜೂನ್–ಆಗಸ್ಟ್‌ನಲ್ಲಿ ಪ್ರವಾಹ ಬರುತ್ತದೆ, ಆನೆಗಳು ನೀರಿಗೆ ಕಾದು ನಿಂತಿರುತ್ತವೆ. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಸಿಗುತ್ತದೆಯೇ?

ಇಷ್ಟೆಲ್ಲ ನಮಗ್ಯಾಕೆ, ಅವರ ಊರು ಅವರಿಗೆ ಅಂತ ನಿಮ್ಮ ಉಪಸಂಪಾದಕರು ಅನ್ನಬಹುದು. ಅವರಿಗೆ ಈ ಮಾತು ಹೇಳಿ. ನಮ್ಮ ಮುಂಗಾರಿನ ಗಾಳಿ ಬರುವುದು ಆ ಎತ್ತರದ ನಾಡಿನ ಪಕ್ಕದಿಂದ. ದಕ್ಷಿಣ ಹಿಂದೂ ಮಹಾಸಾಗರದಿಂದ ಬೀಸುವ ಗಾಳಿ ಕೀನ್ಯಾ ಕರಾವಳಿಯ ಬಳಿ ಸಮಭಾಜಕ ದಾಟುತ್ತದೆ. ಪಶ್ಚಿಮಕ್ಕೆ ಹರಡಿಕೊಂಡು ಹೋಗದಂತೆ ಪೂರ್ವ ಆಫ್ರಿಕಾದ ಘಟ್ಟ ಗೋಡೆಯಾಗಿ ಅಡ್ಡ ನಿಲ್ಲುತ್ತದೆ. ಗೋಡೆಗೆ ಒತ್ತಿಕೊಂಡ ಗಾಳಿ ಸೊಮಾಲಿಯದ ಪಕ್ಕದಲ್ಲಿ ರಭಸವಾಗಿ ತಿರುಗಿ, ಅರಬ್ಬೀ ಸಮುದ್ರ ದಾಟಿ, ನೇರ ನಮ್ಮ ಆಗುಂಬೆಗೆ, ಹುಲಿಕಲ್ಲಿಗೆ ಬಂದು ಹೊಡೆಯುತ್ತದೆ. ಜಾನ್ ಫಿಂಡ್ಲೇಟರ್ ಎಂಬ ಹವಾಮಾನ ತಜ್ಞ 1960ರ ದಶಕದಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ. ನನ್ನ ಅಂಗಳದ ಅಡಿಕೆಗೆ ಬೀಳುವ ಮಳೆಗೆ ಕೀನ್ಯಾದ ಬೆಟ್ಟ ದಾರಿ ತೋರಿಸುತ್ತದೆ. ಅದೇ ಗಾಳಿ ಸೊಮಾಲಿಯ ಕರಾವಳಿಯ ಉದ್ದಕ್ಕೂ ಬೀಸಿಕೊಂಡು ಹೋಗುತ್ತದೆಯೇ ಹೊರತು ಒಳಗೆ ನುಗ್ಗುವುದಿಲ್ಲ, ಸಮುದ್ರದ ತಣ್ಣೀರನ್ನು ಮೇಲಕ್ಕೆ ಎಬ್ಬಿಸುತ್ತದೆ, ಮಳೆ ಕೊಡುವುದಿಲ್ಲ. ನಮಗೆ ಹೊಳೆ ತುಂಬುವಾಗ ಅವರಿಗೆ ಬರಿಯ ಧೂಳು.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಕಂಬದಂಥ ಕಲ್ಲುಗಳ ಮುಂದೆ ಸೆಲ್ಫಿ ತೆಗೆದುಕೊಳ್ಳುತ್ತೇವಲ್ಲ, ಆ ಕಲ್ಲು ಸುಮಾರು 8.8 ಕೋಟಿ ವರ್ಷ ಹಿಂದೆ ಮಡಗಾಸ್ಕರ್ ನಮ್ಮ ಕರಾವಳಿಯಿಂದ ಬಿಟ್ಟು ಹೋಗುವಾಗ ಉಕ್ಕಿದ ಲಾವಾದ್ದು. ಇನ್ನು ಊಟ. ನೈರೋಬಿಯಲ್ಲಿ ಮನೆಕೆಲಸಕ್ಕೆ ಬರುತ್ತಿದ್ದಾಕೆ ಬೆಳಿಗ್ಗೆ ‘ಉಜಿ’ ಮಾಡಿಕೊಂಡು ಕುಡಿಯುತ್ತಿದ್ದಳು. ಬಣ್ಣ ನೋಡಿ ಬಗ್ಗಿ ಮೂಸಿದೆ. ನಮ್ಮ ರಾಗಿ ಗಂಜಿ! ರಾಗಿಯನ್ನು ಮೊದಲು ಬೇಸಾಯಕ್ಕೆ ತಂದದ್ದು ಇಥಿಯೋಪಿಯ, ಉಗಾಂಡದ ಎತ್ತರದ ನಾಡಿನವರು. ಕಾಫಿಯೂ ಅಲ್ಲಿಯ ಬೆಟ್ಟದ ಕಾಡಿನದ್ದೇ. ಜೋಳ ಸುಡಾನ್ ಕಡೆಯದು. ಸವಣೂರಿನ ದೊಡ್ಡಹುಣಸೆ ಮರಗಳೂ ಆಫ್ರಿಕಾದ ಜಾತಿ. ಮುದ್ದೆ ಉಂಡು ಕಾಫಿ ಕುಡಿದು, ಮುಂಗಾರು ಬಂತಾ ಅಂತ ಆಕಾಶ ನೋಡುವ ನಾವು ಆ ನೆಲಕ್ಕೆ ಬರೀ ಒಂಟೆ ಚಿತ್ರ ಅಂಟಿಸಿದರೆ ಹೇಗೆ?

ನಾನು ಕೇಳುವುದು ಬಹಳ ಇಲ್ಲ. ಮಕ್ಕಳ ಪುಟದಲ್ಲಿ ಸರಿಯಾದ ಅಳತೆಯ ನಕ್ಷೆ ಹಾಕಿ, ಎತ್ತರಕ್ಕೆ ತಕ್ಕಂತೆ ಬಣ್ಣ ಕೊಡಿ, ಹಸಿರು ತಗ್ಗಿಗೆ, ಕಂದು ಎತ್ತರಕ್ಕೆ, ಹಳೆಯ ಶಾಲಾ ಅಟ್ಲಾಸಿನಲ್ಲಿ ಇರುತ್ತಿತ್ತಲ್ಲ ಹಾಗೆ. ಆಫ್ರಿಕಾದ ಯಾವುದೇ ಊರಿನ ಬರ, ನೆರೆ, ಅಣೆಕಟ್ಟಿನ ಸುದ್ದಿ ಬಂದಾಗ ಆವರಣದಲ್ಲಿ ಇಷ್ಟು ಮೀಟರ್ ಎತ್ತರ ಅಂತ ಒಂದು ಅಂಕಿ ಸೇರಿಸಿ. ಎರಡು ಪದದ ಜಾಗ ಸಾಕು. ತಿದ್ದುಪಡಿ ಹಾಕುವುದಾದರೆ ಒಳಪುಟದ ಮೂಲೆಯಲ್ಲಿ ಇರುವೆ ಅಕ್ಷರದಲ್ಲಿ ಬೇಡ, ಭಾನುವಾರ ಅದೇ ಪುಟದಲ್ಲಿ ಅದೇ ಅಳತೆಗೆ ಬರಲಿ. ಹುಡುಗ ಗ್ರೀನ್‌ಲ್ಯಾಂಡನ್ನು ಕತ್ತರಿಸಿ ಬದಿಗಿಟ್ಟು, ಹಾಳೆಯ ನಡುವೆ ಜಾಗ ಬಿಟ್ಟುಕೊಂಡು ಕಾಯುತ್ತಿದ್ದಾನೆ. ಸೋಮವಾರ ಪ್ರಾಜೆಕ್ಟ್ ಕೊಡಬೇಕಂತೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ, ಸಾಗರ